ಬ್ಲಾಕ್‌ಜಾಕ್ ಹುಟ್ಟಿದ್ದೆಲ್ಲಿ? ಲೆಕ್ಕ ಬಲ್ಲೋರು ಗೆಲ್ಲೋ ಆಟನ ಕ್ಯಾಸಿನೋದೋರು ಇನ್ನೂ ಯಾಕೆ ಇಟ್ಕೊಂಡವ್ರೆ?

ಮದ್ದೂರ್_ಹುಡ್ಗ:

ಎಲ್ರಿಗೂ ನಮಸ್ಕಾರ. ಇಸ್ಪೀಟ್ ಆಟದ ಹಿಸ್ಟರಿ ಬಗ್ಗೆ ಒಂದು ಡೌಟ್ ಐತೆ, ತಿಳಿದೋರು ಹೇಳಿ. ನಮ್ಮ ಕಡೆ ಯುಗಾದಿ ಬಂದ್ರೆ ಊರೂರಲ್ಲೂ ಎಲೆ ಆಟ ನಡೀತದೆ, ಮಂಡ್ಯದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಬೇರೆ ಕಡೆ ಎಲ್ಲಾ ಅಂದರ್ ಬಾಹರ್ ಅಂತ ಕೂತ್ರೆ ನಮ್ಮನೇಲಿ ದೊಡ್ಡೋರು ಚಿಕ್ಕೋರು ಸೇರ್ಕೊಂಡು ಇಪ್ಪತ್ತೊಂದು ಆಡ್ತೀವಿ, ದುಡ್ಡಿಗಲ್ಲ, ಹುಣಸೆಬೀಜ ಇಟ್ಕೊಂಡು. ಒಬ್ಬ ಬ್ಯಾಂಕ್ ಹಿಡೀತಾನೆ, ಎಲ್ರಿಗೂ ಎರಡೆರಡು ಎಲೆ ಹಾಕ್ತಾನೆ, ಬೇಕಾದೋರು ಇನ್ನೊಂದು ಕೇಳ್ತಾರೆ, ಇಪ್ಪತ್ತೊಂದು ದಾಟಿದ್ರೆ ಔಟು. ರಾಜ ರಾಣಿ ಗುಲಾಮಂಗೆ ಹತ್ತತ್ತು, ಎಕ್ಕಕ್ಕೆ ಒಂದಾದ್ರೂ ಸೈ ಹನ್ನೊಂದಾದ್ರೂ ಸೈ. ಎರಡೆಲೆಗೇ ಇಪ್ಪತ್ತೊಂದು ಬಿದ್ದೋನ ಕೈಗೆ ಬ್ಯಾಂಕ್ ಹೋಯ್ತದೆ.

ಈ ಸಲ ಬೆಂಗಳೂರಿಂದ ಬಂದಿದ್ದ ನಮ್ಮ ಭಾವ, ಇದು ಬ್ಲಾಕ್‌ಜಾಕು ಕಣೋ, ಲಾಸ್ ವೇಗಸ್‌ನೋರು ಕಂಡುಹಿಡಿದಿದ್ದು, ಅಲ್ಲಿ ಕಾಲೇಜ್ ಹುಡುಗ್ರು ಎಲೆ ಲೆಕ್ಕ ಹಾಕಿ ಕ್ಯಾಸಿನೋನೇ ಬೋಳಿಸವ್ರೆ, ಅದ್ರ ಮೇಲೆ ಸಿನಿಮಾನೂ ಬಂದೈತೆ ಅಂದ್ರು. ನಮ್ಮಜ್ಜಿ ಒಪ್ಪಲೇ ಇಲ್ಲ, ನಾನು ಮದ್ವೆಯಾಗಿ ಬಂದಾಗ್ಲೇ ಈ ಮನೇಲಿ ಈ ಆಟ ಇತ್ತು, ಯಾವ ವೇಗಸ್ಸು ಅಂತ ಜಗಳಕ್ಕೇ ನಿಂತ್ರು.

ನನ್ ಪ್ರಶ್ನೆ ಎರಡು. ಒಂದು, ಈ ಆಟ ನಿಜವಾಗ್ಲೂ ಎಲ್ಲಿಂದ ಬಂತು. ಎರಡು, ಲೆಕ್ಕ ಹಾಕಿ ಗೆಲ್ಬೋದು ಅಂತ ಗೊತ್ತಾದ್ಮೇಲೂ ಕ್ಯಾಸಿನೋದೋರು ಯಾಕೆ ಅದನ್ನ ಎತ್ತಿ ಬಿಸಾಕ್ಲಿಲ್ಲ? ಅಷ್ಟು ದುಡ್ಡಿರೋರು ಸೋಲೋ ಯಾಪಾರ ಮಾಡ್ತಾರಾ?

ಸರಸ್ವತಿಪುರಂ_ಸ್ಟ್ಯಾಟ್ಸ್:

ಮೊದಲನೇ ಪ್ರಶ್ನೆಗೆ ನಿಮ್ಮಜ್ಜಿ ಕಡೆ ನನ್ನ ಓಟು. ಲಾಸ್ ವೇಗಸ್ ಊರಾಗಿದ್ದೇ 1905ರಲ್ಲಿ. ಅದಕ್ಕೂ ಹೆಚ್ಚುಕಮ್ಮಿ ಮುನ್ನೂರು ವರ್ಷ ಹಿಂದೆ, 1613ರಲ್ಲಿ ಅಚ್ಚಾದ ಸರ್ವಾಂಟಿಸ್‌ನ ಒಂದು ಸಣ್ಣಕತೆಯಲ್ಲಿ ಇಬ್ಬರು ಪೋಲಿ ಹುಡುಗರು ಸ್ಪೇನಿನಲ್ಲಿ ಮೋಸದ ಇಸ್ಪೀಟಾಡ್ಕೊಂಡು ಹೊಟ್ಟೆ ಹೊರೀತಾರೆ, ಅವರು ಆಡೋದು ವೆಯಿಂತಿಉನಾ ಅಂತ, ಅಂದ್ರೆ ಇಪ್ಪತ್ತೊಂದೇ. ಎಕ್ಕನ ಒಂದು ಅಂತಲೂ ಹನ್ನೊಂದು ಅಂತಲೂ ಎಣಿಸೋದು ಆ ಕತೇಲೇ ಬರುತ್ತೆ. ಅಂದ್ರೆ ನಿಮ್ಮನೆ ಆಟದ ಹೃದಯಭಾಗ ನಾನೂರು ವರ್ಷದಿಂದ ಅಲ್ಲಾಡಿಲ್ಲ.

ಆಮೇಲೆ 18ನೇ ಶತಮಾನದಲ್ಲಿ ಫ್ರಾನ್ಸಲ್ಲಿ ವ್ಯಾಂತೇಅಂ ಅನ್ನೋ ಹೆಸರಲ್ಲಿ ದೊಡ್ಡ ಮನೆತನಗಳಲ್ಲಿ ಜೋರಾಯ್ತು. ನೆಪೋಲಿಯನ್ ಸೋತು ಸೇಂಟ್ ಹೆಲೆನಾ ದ್ವೀಪಕ್ಕೆ ಹಡಗಲ್ಲಿ ಹೋಗೋವಾಗ ಅವನೂ ಜೊತೆಯವರೂ ಇದನ್ನೇ ಆಡ್ತಿದ್ರು ಅಂತ ಅವನ ಜೊತೆಗಿದ್ದೋರು ಬರೆದಿಟ್ಟಿದಾರೆ. ಇಂಗ್ಲಿಷರು ಇದನ್ನ ತಗೊಂಡು ಪೊಂಟೂನ್ ಮಾಡ್ಕೊಂಡ್ರು, ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಅಚ್ಚುಮೆಚ್ಚಿನ ಆಟ ಅದು. ನೀವು ಹೇಳಿದ್ರಲ್ಲ, ಎರಡೆಲೆಗೆ ಇಪ್ಪತ್ತೊಂದು ಬಿದ್ದೋರಿಗೆ ಬ್ಯಾಂಕ್ ಹೋಗುತ್ತೆ ಅಂತ, ಅದು ಪಕ್ಕಾ ಈ ಹಳೇ ಮನೆಯಾಟದ ರೂಲು. ಕ್ಯಾಸಿನೋ ಬ್ಲಾಕ್‌ಜಾಕ್‌ನಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ನೀವು ಆಡ್ತಿರೋದು ವೇಗಸ್ ಆಟದ ಕಾಪಿ ಅಲ್ಲ, ಅದರ ಹಿರೀಕರು.

ಅಮೆರಿಕಕ್ಕೆ ಹೋದ್ಮೇಲೆ ಕತೆಗೆ ಒಬ್ಬ ಹೆಂಗಸು ಬರ್ತಾರೆ, ಎಲಿನಾರ್ ಡ್ಯೂಮಾಂಟ್. ಚಿನ್ನ ಹುಡುಕೋಕೆ ಜನ ಕ್ಯಾಲಿಫೋರ್ನಿಯಾಗೆ ನುಗ್ತಿದ್ದ ಕಾಲ, 1854ರಲ್ಲಿ ನೆವಾಡ ಸಿಟಿ ಅನ್ನೋ ಗಣಿ ಊರಲ್ಲಿ (ಹೆಸರು ನೋಡಿ ನೆವಾಡ ರಾಜ್ಯ ಅನ್ಕೋಬೇಡಿ, ಇರೋದು ಕ್ಯಾಲಿಫೋರ್ನಿಯಾದಲ್ಲಿ) ಸ್ವಂತದ್ದೊಂದು ಜೂಜಿನ ಮನೆ ತೆಗೆದು ತಾನೇ ಎಲೆ ಹಾಕ್ತಿದ್ಲು. ಹೆಂಗಸರು ಅಂಥ ಜಾಗಕ್ಕೆ ಕಾಲಿಡೋದೇ ಅಪರೂಪ, ಇವಳು ಮಾಲಕಿಯಾಗಿ ಕೂತಿದ್ದು. ಬ್ಲಾಕ್‌ಜಾಕ್ ಚರಿತ್ರೆ ಅಂದ್ರೆ ಎಲ್ರೂ ಗಣಿತದೋರ ಕತೆ ಹೇಳಿ ಮುಗಿಸ್ತಾರೆ, ಇವಳ ಹೆಸರು ಬಿಟ್ಟೇಬಿಡ್ತಾರೆ, ಅದು ನಂಗೆ ಬೇಜಾರು.

ಈಗ ಮುಖ್ಯವಾದ ತಿರುವು. ಮನೆಯಾಟದಲ್ಲಿ ಬ್ಯಾಂಕ್ ಹಿಡಿದೋನು ಎಲ್ರ ಥರನೇ ಯೋಚ್ನೆ ಮಾಡಿ ಇನ್ನೊಂದೆಲೆ ತಗೋಬೋದು ಬಿಡಬೋದು. ಅಮೆರಿಕದ ಜೂಜಿನ ಮನೆಗಳಲ್ಲಿ ಇದು ಬದಲಾಯ್ತು. ಬ್ಯಾಂಕ್ ಯಾವತ್ತೂ ಮಾಲೀಕನದ್ದೇ. ಎಲೆ ಹಾಕೋ ಡೀಲರ್ ತನ್ನ ಎರಡೆಲೆಯಲ್ಲಿ ಒಂದನ್ನ ಎಲ್ರಿಗೂ ಕಾಣೋ ಹಾಗೆ ಬಿಚ್ಚಿಡಬೇಕು. ಜೊತೆಗೆ ಅವನಿಗೆ ಸ್ವಂತ ಬುದ್ಧಿ ಓಡಿಸೋ ಹಕ್ಕಿಲ್ಲ, 16 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಎಲೆ ತಗೊಳ್ಳಲೇಬೇಕು, 17 ಆದ್ರೆ ನಿಲ್ಲಲೇಬೇಕು. ಸಂಬಳಕ್ಕಿರೋ ಮನುಷ್ಯನ ಕೈಗೆ ಮಾಲೀಕನ ದುಡ್ಡಿನ ತೀರ್ಮಾನ ಬಿಟ್ಟುಕೊಡೋಕಾಗಲ್ಲ, ಅದಕ್ಕೆ ಈ ಕಟ್ಟುಪಾಡು ಸರಿಯಾಗಿ ಹೊಂದ್ಕೊಳ್ತು. 1910ರಲ್ಲಿ ನೆವಾಡದಲ್ಲಿ ಜೂಜು ಬ್ಯಾನ್ ಆಗಿ ಮತ್ತೆ 1931ರ ಮಾರ್ಚ್‌ನಲ್ಲಿ ಕಾನೂನುಬದ್ಧ ಆಯ್ತಲ್ಲ, ಅಲ್ಲಿಂದಾಚೆಗೆ ಈ ರೂಪವೇ ಕ್ಯಾಸಿನೋಗಳಲ್ಲಿ ಗಟ್ಟಿಯಾಗಿ ನೆಲೆ ನಿಂತಿದ್ದು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಈ ಕಟ್ಟುಪಾಡಲ್ಲೇ ಇದೆ, ರಾತ್ರಿ ಕ್ಲಾಸ್ ನೋಟ್ಸ್ ಮುಗಿಸಿ ಬಂದು ಬರೀತೀನಿ.

ಗಂಜೀಫ_ಪ್ರೇಮಿ:

ಮೇಡಂ ಬರೆಯೋಷ್ಟರಲ್ಲಿ ನಮ್ಮೂರಿನ ಒಂದು ಮಾತು ಸೇರಿಸಿಬಿಡ್ತೀನಿ. ಆಟದ ಮೂಲ ಯುರೋಪು ಸರಿ, ಆದ್ರೆ ಎಲೆಗಳ ಮೂಲ ಅಲ್ಲಲ್ಲ. ಯುರೋಪಿಗೆ ಇಸ್ಪೀಟ್ ಎಲೆ ಬಂದಿದ್ದೇ 1370ರ ಆಸುಪಾಸಲ್ಲಿ, ಈಜಿಪ್ಟ್ ಆಳ್ತಿದ್ದ ಮಾಮ್ಲೂಕ್ ಸುಲ್ತಾನರ ಕಡೆಯಿಂದ. ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆ ಮ್ಯೂಸಿಯಂನಲ್ಲಿ ಹಳೇ ಮಾಮ್ಲೂಕ್ ಎಲೆಗಳಿವೆ, ನಾಲ್ಕು ಬಣ್ಣ, ಒಂದೊಂದಕ್ಕೆ ಹದಿಮೂರು, ಒಟ್ಟು 52. ನಾವು ಇವತ್ತು ಕಲಸ್ತೀವಲ್ಲ ಅದೇ ಲೆಕ್ಕ.

ನಮ್ಮ ದೇಶಕ್ಕೆ ಬಂದಿದ್ದು ಗಂಜೀಫ ರೂಪದಲ್ಲಿ, ದುಂಡಗಿನ ಎಲೆ. ಬಾಬರ್ 1527ರಲ್ಲಿ ಸಿಂಧ್ ಕಡೆ ಗೆಳೆಯನಿಗೆ ಗಂಜೀಫ ಕಳಿಸಿದ್ದನ್ನ ತಾನೇ ಬರ್ಕೊಂಡಿದಾನೆ. ಮೊಘಲ್ ಗಂಜೀಫ 96 ಎಲೆ, ದಶಾವತಾರ ಗಂಜೀಫ ಅಂದ್ರೆ ಹತ್ತು ಅವತಾರಕ್ಕೆ ಹನ್ನೆರಡರಂತೆ 120. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಇದರಲ್ಲಿ ಯಾರೂ ಹೋಗದಷ್ಟು ದೂರ ಹೋದ್ರು, ಅವರ ಕಾಲದ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಛದ ಅನ್ನೋ ಹೆಸರಿನ ಎಷ್ಟೋ ಆಟಗಳಿವೆ, ಕೆಲವು ಆಟಕ್ಕೆ 300ಕ್ಕೂ ಹೆಚ್ಚು ಎಲೆ ಬೇಕು, ಒಂದೊಂದರ ಮೇಲೂ ದೇವರು, ಗ್ರಹ, ಪ್ರಾಣಿ ಚಿತ್ರ. ಮೈಸೂರಲ್ಲಿ ಹುಟ್ಟಿ ಬೆಳೆದೋರಿಗೂ ಇದು ಗೊತ್ತಿರಲ್ಲ, ದಸರಾಗೆ ಬಂದೋರಿಗೆ ಅರಮನೆ ದೀಪ ತೋರಿಸಿ ಕಳಿಸ್ತೀವಿ, ಈ ಆಟದ ಹೆಸರನ್ನೂ ಎತ್ತಲ್ಲ. ಕೈಯಲ್ಲಿ ಬಣ್ಣ ಹಾಕಿದ ಒಂದು ಸೆಟ್ ಸಿಕ್ರೆ ಖಂಡಿತ ನೋಡಿ.

ಥ್ರೆಡ್ ದಾರಿ ತಪ್ಪಿಸಲ್ಲ, ಬ್ಲಾಕ್‌ಜಾಕ್ ಮುಂದುವರೀಲಿ.

ಪಾಂಡವಪುರ_ಪ್ಯಾಸೆಂಜರ್:

ಹೆಸರಿನ ಕತೆ ನಾನ್ ಹೇಳ್ತೀನಿ. ಇಸ್ಪೀಟ್ ಎಕ್ಕದ ಜೊತೆ ಕಪ್ಪು ಗುಲಾಮ ಬಿದ್ರೆ, ಅಂದ್ರೆ ಇಸ್ಪೀಟ್ ಗುಲಾಮನೋ ಕಳಾವರ್ ಗುಲಾಮನೋ, ಒಂದಕ್ಕೆ ಹತ್ತರಷ್ಟು ಬೋನಸ್ ಕೊಡ್ತಿದ್ರಂತೆ ಅಮೆರಿಕದಲ್ಲಿ, ಅದಕ್ಕೆ ಬ್ಲಾಕ್‌ಜಾಕ್ ಅಂತ ಹೆಸರು ನಿಂತಿದ್ದು.

ಇನ್ನೊಂದು ಕೇಳ್ಬೇಕಿತ್ತು, ಈ ಎಲೆ ಎಣಿಸೋದು ಅಲ್ಲಿ ಕ್ರೈಮಾ? ಸಿನಿಮಾದಲ್ಲೆಲ್ಲಾ ಹಿಡ್ಕೊಂಡೋಗಿ ಹೊಡೀತಾರೆ.

ಸರಸ್ವತಿಪುರಂ_ಸ್ಟ್ಯಾಟ್ಸ್:

@ಪಾಂಡವಪುರ, ಬೋನಸ್ ಕತೆ ಎಲ್ಲಾ ಕಡೆ ಓಡಾಡುತ್ತೆ, ಆದ್ರೆ ಫ್ರೆಂಚ್ ಇಸ್ಪೀಟ್ ಚರಿತ್ರೆಕಾರ ತಿಯೆರಿ ದೆಪೋಲಿ ಹುಡುಕಿ ನೋಡಿ, ಅಂಥ ಬೋನಸ್ ಇದ್ದಿದ್ದಕ್ಕೆ ಪುರಾವೆ ಇಲ್ಲ, ಕೆನಡಾದ ಕ್ಲಾಂಡೈಕ್‌ನಲ್ಲಿ 1896ರಿಂದ ಚಿನ್ನಕ್ಕೆ ಮುಗಿಬಿದ್ದ ಗಣಿಯವರ ಬಾಯಲ್ಲಿ ಈ ಹೆಸರು ಮೊದಲು ಬಂದಿದ್ದು ಅಂತ ತೋರಿಸಿದ್ರು. ಕ್ರೈಮ್ ಪ್ರಶ್ನೆಗೆ ಕೊನೇಲಿ ಬರ್ತೀನಿ.

ಈಗ ಗಣಿತ. ಡೀಲರ್‌ಗೆ ಸ್ವಂತ ಆಯ್ಕೆ ಇಲ್ಲ ಅಂತ ಹೇಳಿದೆನಲ್ಲ, ಆಯ್ಕೆ ಇಲ್ಲದ ಎದುರಾಳಿ ಸಿಕ್ಕಿಬಿಟ್ರೆ ಲೆಕ್ಕ ಹಾಕೋನಿಗೆ ಹಬ್ಬ. ಎದುರಿಗಿರೋನು ಮುಂದೇನು ಮಾಡ್ತಾನೆ ಅಂತ ಊಹಿಸಬೇಕಾಗಿಲ್ಲ, ಪ್ರತಿ ಸಂದರ್ಭಕ್ಕೂ ಯಾವುದು ಸರಿಯಾದ ನಡೆ ಅಂತ ಕೂತು ಕಂಡುಹಿಡೀಬೋದು. ಇದನ್ನ ಮೊದಲು ಪೂರ್ತಿಯಾಗಿ ಮಾಡಿದ್ದು ಅಮೆರಿಕದ ಅಬರ್‌ಡೀನ್ ಮಿಲಿಟರಿ ಕೇಂದ್ರದಲ್ಲಿದ್ದ ನಾಲ್ಕು ಜನ ಸೈನಿಕರು, ಬಾಲ್ಡ್‌ವಿನ್, ಕ್ಯಾಂಟೀ, ಮೈಸೆಲ್, ಮೆಕ್‌ಡರ್ಮಟ್. ಕಂಪ್ಯೂಟರ್ ಇಲ್ಲ, ಮೇಜಿನ ಮೇಲಿಡೋ ಕ್ಯಾಲ್ಕುಲೇಟಿಂಗ್ ಮೆಷಿನ್ ಇಟ್ಕೊಂಡು ಲೆಕ್ಕ ಹಾಕಿದ್ರು, 1956ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಜರ್ನಲ್‌ನಲ್ಲಿ ಬಂತು. ಯಾವ ಕೈಗೆ ನಿಲ್ಲಬೇಕು, ಯಾವಾಗ ಎಲೆ ತಗೋಬೇಕು, ಯಾವಾಗ ಪಣ ಡಬಲ್ ಮಾಡ್ಬೇಕು, ಜೋಡಿ ಬಂದ್ರೆ ಯಾವಾಗ ಎರಡು ಕೈಯಾಗಿ ಒಡೀಬೇಕು, ಎಲ್ಲಾ ಒಂದು ಪಟ್ಟಿ. ಅದನ್ನ ಬೇಸಿಕ್ ಸ್ಟ್ರಾಟಜಿ ಅಂತಾರೆ. ಹಾಗೆ ಆಡಿದ್ರೆ ಕ್ಯಾಸಿನೋದ ಮೇಲುಗೈ ಶೇಕಡಾ ಒಂದಕ್ಕಿಂತ ಕಮ್ಮಿ ಅಂತ ಗೊತ್ತಾಯ್ತು. ನಾನು ಕ್ಲಾಸಲ್ಲಿ ಕಂಡೀಷನಲ್ ಪ್ರಾಬಬಿಲಿಟಿ ಮಾಡೋವಾಗ ಈ ನಾಲ್ಕು ಜನರ ಕೆಲಸ ಹೇಳದೆ ಮುಂದೆ ಹೋಗಲ್ಲ, ಅಷ್ಟು ಇಷ್ಟ ನಂಗೆ.

ಈ ಪಟ್ಟಿ ಹಿಡ್ಕೊಂಡು 1958ರ ಕ್ರಿಸ್‌ಮಸ್ ರಜಕ್ಕೆ ವೇಗಸ್‌ಗೆ ಹೋದೋರು ಎಡ್ವರ್ಡ್ ಥಾರ್ಪ್, ಗಣಿತದ ಮೇಷ್ಟ್ರು. ಹತ್ತು ಡಾಲರ್ ಇಟ್ಕೊಂಡು ಕೂತು ಎಂಟೂವರೆ ಡಾಲರ್ ಸೋತ್ರು. ಆದ್ರೆ ಮನಸ್ಸಲ್ಲಿ ಒಂದು ವಿಷಯ ಕೂತ್ಬಿಡ್ತು. ದಾಳ ಎಸೆದ್ರೆ ಹಿಂದೆ ಏನು ಬಿತ್ತು ಅನ್ನೋದು ಮುಂದಕ್ಕೆ ಲೆಕ್ಕಕ್ಕಿಲ್ಲ, ರೂಲೆಟ್ ಚಕ್ರಕ್ಕೂ ಅಷ್ಟೇ. ಬ್ಲಾಕ್‌ಜಾಕ್‌ನಲ್ಲಿ ಒಂದ್ಸಲ ಹೊರಗೆ ಬಿದ್ದ ಎಲೆ ಮತ್ತೆ ಕಲಸೋವರೆಗೂ ವಾಪಸ್ ಬರಲ್ಲ. ಮೊದಲ ಕೈಗಳಲ್ಲಿ ನಾಲ್ಕೂ ಎಕ್ಕ ಹೋಗಿಬಿಟ್ರೆ ಆಮೇಲೆ ಎರಡೆಲೆಗೆ ಇಪ್ಪತ್ತೊಂದು ಯಾರಿಗೂ ಬೀಳೋ ಹಾಗೇ ಇಲ್ಲ. ಅಂದ್ರೆ ಉಳಿದ ಕಟ್ಟು ಕೆಲವು ಸಲ ಆಟಗಾರನ ಕಡೆ ವಾಲಿರುತ್ತೆ, ಕೆಲವು ಸಲ ಮಾಲೀಕನ ಕಡೆ. ಆಟಗಾರನ ಕಡೆ ಇದ್ದಾಗ ದೊಡ್ಡ ಪಣ, ಇಲ್ಲದಿದ್ದಾಗ ಚಿಕ್ಕದು. ಇಷ್ಟೇ ಗುಟ್ಟು, ಇಡೀ ಬ್ಲಾಕ್‌ಜಾಕ್ ಚರಿತ್ರೆ ಇದೊಂದರ ಮೇಲೆ ನಿಂತಿದೆ.

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಗೆ ಹೋದ್ಮೇಲೆ ಅಲ್ಲಿನ ಐಬಿಎಂ 704 ಕಂಪ್ಯೂಟರ್‌ನಲ್ಲಿ ಫೋರ್ಟ್ರಾನ್ ಬರೆದು ಒಂದೊಂದು ಎಲೆ ತೆಗೆದ್ರೆ ಏನಾಗುತ್ತೆ ಅಂತ ಥಾರ್ಪ್ ನೋಡಿದ್ರು. ಇನ್ಫರ್ಮೇಷನ್ ಥಿಯರಿಯ ಕ್ಲಾಡ್ ಶಾನನ್ ಇದಾರಲ್ಲ, ಅವರ ಮೂಲಕ ಪೇಪರ್ ಅಮೆರಿಕದ ನ್ಯಾಷನಲ್ ಅಕಾಡೆಮಿ ಜರ್ನಲ್‌ಗೆ ಹೋಯ್ತು. 1961ರ ಜನವರಿಯಲ್ಲಿ ಮ್ಯಾಥಮೆಟಿಕಲ್ ಸೊಸೈಟಿ ಸಭೇಲಿ ಇದನ್ನ ಹೇಳಿದ್ದೇ ತಡ ಪೇಪರ್‌ನೋರು ಮುತ್ಕೊಂಡ್ರು. ಇಬ್ಬರು ಶ್ರೀಮಂತ ಜೂಜುಕೋರರು ಹಾಕಿದ 10,000 ಡಾಲರ್ ಇಟ್ಕೊಂಡು ನೆವಾಡಕ್ಕೆ ಹೋಗಿ ಸುಮಾರು 11,000 ಗೆದ್ದು ತೋರಿಸಿದ್ರು. 1962ರಲ್ಲಿ ಬೀಟ್ ದಿ ಡೀಲರ್ ಪುಸ್ತಕ ಬರೆದು ಎಲ್ರಿಗೂ ಹಂಚಿಬಿಟ್ರು. ಗೆಲ್ಲೋ ದಾರಿ ಗೊತ್ತಾದ ಮನುಷ್ಯ ಗುಟ್ಟಾಗಿಟ್ಕೊಂಡು ಸುಮ್ಮನೆ ಗೆಲ್ತಾ ಇರಬೋದಿತ್ತು, ಪ್ರಕಟಿಸಿದ್ರು, ಅದು ಮೇಷ್ಟ್ರ ಗುಣ.

ಕ್ಯಾಸಿನೋದೋರು ಗಾಬರಿಯಾಗಿ 1964ರ ಏಪ್ರಿಲ್‌ನಲ್ಲಿ ವೇಗಸ್‌ನಲ್ಲಿ ರೂಲ್ಸ್ ಬಿಗಿ ಮಾಡಿದ್ರು, ಡಬಲ್ ಮಾಡೋಕೆ, ಎಕ್ಕದ ಜೋಡಿ ಒಡೆಯೋಕೆ ಅಡ್ಡಿ. ಆಗಿದ್ದೇನು ಅಂದ್ರೆ ಮಾಮೂಲಿ ಗಿರಾಕಿಗಳು ಟೇಬಲ್ ಬಿಟ್ಟು ಎದ್ದೋದ್ರು. ಕೆಲವೇ ವಾರಕ್ಕೆ ಹಳೇ ರೂಲ್ಸ್ ವಾಪಸ್. ಅಷ್ಟರಲ್ಲಿ ಗೆಲ್ಲಬಹುದು ಅನ್ನೋ ಸುದ್ದಿ ಊರೆಲ್ಲಾ ಹಬ್ಬಿ ಬ್ಲಾಕ್‌ಜಾಕ್ ಅಮೆರಿಕದ ಕ್ಯಾಸಿನೋಗಳ ನಂಬರ್ ಒನ್ ಟೇಬಲ್ ಆಟ ಆಗೋ ದಾರೀಲಿತ್ತು. ಪುಸ್ತಕ ಕೊಂಡೋರು ಲಕ್ಷಗಟ್ಲೆ, ಅದರ ಪ್ರಕಾರ ತಪ್ಪಿಲ್ಲದೆ ಗಂಟೆಗಟ್ಲೆ ಆಡೋ ತಾಳ್ಮೆ ಇದ್ದೋರು ಬೆರಳೆಣಿಕೆ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ. ಗೆಲ್ಲೋ ನಾಲ್ಕು ಜನರಿಂದ ಆಗೋ ನಷ್ಟಕ್ಕಿಂತ, ನಾನೂ ಗೆಲ್ತೀನಿ ಅಂತ ಬರೋ ನಾಲ್ಕು ಸಾವಿರ ಜನರಿಂದ ಬರೋ ಲಾಭ ಜಾಸ್ತಿ.

ಮದ್ದೂರ್_ಹುಡ್ಗ:

ಮೇಡಂ ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಅಜ್ಜಿಗೆ ಓದಿ ಹೇಳ್ದೆ, ಆ ಚಿನ್ನದ ಗಣಿ ಹೆಂಗ್ಸಿನ ಕತೆ ಎರಡನೇ ಸಲ ಕೇಳಿಸ್ಕೊಂಡ್ರು. ಒಂದು ಅರ್ಥ ಆಗ್ಲಿಲ್ಲ, ಕಟ್ಟು ಆಟಗಾರನ ಕಡೆ ವಾಲೈತೆ ಅಂತ ಹೆಂಗ್ ಗೊತ್ತಾಯ್ತದೆ? ಐವತ್ತೆರಡು ಎಲೆನೂ ನೆನಪಿಟ್ಕೋಬೇಕಾ? ಎಲೆ ಕಡ್ಮೆ ಆದ್ರೆ ಡೀಲರ್‌ಗೂ ಅವೇ ಎಲೆ ತಾನೆ ಬೀಳೋದು?

ಸರಸ್ವತಿಪುರಂ_ಸ್ಟ್ಯಾಟ್ಸ್:

ಅವೇ ಎಲೆ ಬೀಳುತ್ತೆ, ಆದ್ರೆ ಇಬ್ಬರಿಗೂ ಒಂದೇ ಪರಿಣಾಮ ಇಲ್ಲ, ಯಾಕಂದ್ರೆ ನಿಮಗೆ ನಿಲ್ಲೋ ಸ್ವಾತಂತ್ರ್ಯ ಇದೆ ಡೀಲರ್‌ಗಿಲ್ಲ. 5 ತಗೊಳ್ಳಿ. ಡೀಲರ್ ಕೈಯಲ್ಲಿ 12, 13, 14, 15, 16 ಏನೇ ಇರಲಿ ಅವನು ಎಲೆ ತಗೊಳ್ಳಲೇಬೇಕು, ಅಲ್ಲಿ 5 ಬಿತ್ತು ಅಂದ್ರೆ 17ರಿಂದ 21ರೊಳಗೆ ಒಳ್ಳೇ ಕೈ ಆಗಿಬಿಡುತ್ತೆ, ಒಂದು ಸಲನೂ ಇಪ್ಪತ್ತೊಂದು ದಾಟಿ ಸಿಡಿಯಲ್ಲ. ಅವನ ಪ್ರಾಣ ಉಳಿಸೋ ಎಲೆ ಅದು. ಒಂದೇ ಪ್ಯಾಕ್‌ನಲ್ಲಿ ನಾಲ್ಕೂ 5 ಹೋಗಿಬಿಟ್ಟಿದ್ರೆ ಆಟಗಾರನಿಗೆ ಶೇಕಡಾ 3ಕ್ಕೂ ಜಾಸ್ತಿ ಅನುಕೂಲ ಅಂತ ಥಾರ್ಪ್ ಲೆಕ್ಕ. ಮೊದಲು ಅವರು ಹೇಳ್ಕೊಟ್ಟಿದ್ದು ಬರೀ 5 ಎಣಿಸೋದನ್ನೇ.

ಹತ್ತು ಮತ್ತು ಎಕ್ಕ ಉಲ್ಟಾ, ಅವು ಉಳಿದಷ್ಟೂ ಆಟಗಾರನಿಗೆ ಒಳ್ಳೇದು. ಎರಡೆಲೆಗೆ ಇಪ್ಪತ್ತೊಂದು ನಿಮಗೆ ಬಿದ್ರೆ 100ಕ್ಕೆ 150 ಕೊಡ್ತಾರೆ, ಡೀಲರ್‌ಗೆ ಬಿದ್ರೆ ನಿಮ್ಮ 100 ಮಾತ್ರ ಹೋಗೋದು. ಜೊತೆಗೆ 16ರಲ್ಲಿ ಒದ್ದಾಡೋ ಡೀಲರ್ ಹತ್ತು ಎಳೆದ್ರೆ ಅಲ್ಲೇ ಮುಗೀತು.

ನೆನಪಿಟ್ಕೊಳ್ಳೋದು ಒಂದೇ ಒಂದು ಸಂಖ್ಯೆ. 1963ರಲ್ಲಿ ಹಾರ್ವಿ ಡಬ್ನರ್ ಕೊಟ್ಟ ಹೈ ಲೋ ಅನ್ನೋ ವಿಧಾನ, ಇವತ್ತಿಗೂ ಅದೇ ಚಾಲ್ತಿಲಿದೆ. 2ರಿಂದ 6 ಬಿದ್ರೆ ಒಂದು ಕೂಡಿ, ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ರೆ ಒಂದು ಕಳೀರಿ, 7, 8, 9 ಬಿಟ್ಬಿಡಿ. ಕೂಡೋ ಎಲೆ 20, ಕಳೆಯೋ ಎಲೆ 20, ಹಾಗಾಗಿ ಪೂರ್ತಿ ಕಟ್ಟು ಮುಗಿದ್ರೆ ಸೊನ್ನೆ ಬರಬೇಕು. ನಡುವೆ ಸಂಖ್ಯೆ ಮೇಲೇರಿದ್ರೆ ದೊಡ್ಡ ಎಲೆಗಳು ಇನ್ನೂ ಒಳಗಿವೆ ಅಂತ ಅರ್ಥ.

ಮಾಂಡವಿ_ಡೀಲರ್:

ಇಷ್ಟೊತ್ತು ಸುಮ್ಮನೆ ಓದ್ತಿದ್ದೆ, ಈಗ ಟೇಬಲ್ ಆ ಕಡೆಯಿಂದ ನಾನ್ ಹೇಳ್ತೀನಿ. ಊರು ಶ್ರೀರಂಗಪಟ್ಟಣ, ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಗೋವಾದಲ್ಲಿ ಮಾಂಡವಿ ನದಿ ಮೇಲಿನ ಒಂದು ಕ್ಯಾಸಿನೋ ಹಡಗಲ್ಲಿ ಬ್ಲಾಕ್‌ಜಾಕ್ ಡೀಲರ್ ಆಗಿದ್ದೆ, ಈಗ ಮೈಸೂರಲ್ಲಿ ಬೇರೆ ಕೆಲಸ. ಹೆಸರು ಕೇಳ್ಬೇಡಿ.

ಮೇಡಂ ಹೇಳಿದ ಹೈ ಲೋ ನಮಗೂ ಟ್ರೇನಿಂಗಲ್ಲೇ ಹೇಳ್ಕೊಡ್ತಾರೆ, ಎಣಿಸೋರನ್ನ ಗುರುತು ಹಿಡೀಲಿ ಅಂತ. ಆದ್ರೆ ಒಂದು ಪ್ಯಾಕಿನ ಕಾಲ ಹೋಯ್ತು. ಈಗ ಆರು ಅಥವಾ ಎಂಟು ಪ್ಯಾಕ್ ಒಟ್ಟಿಗೆ ಕಲಸಿ ಶೂ ಅನ್ನೋ ಡಬ್ಬಿಗೆ ಹಾಕ್ತಾರೆ, ಎಂಟು ಪ್ಯಾಕ್ ಅಂದ್ರೆ 416 ಎಲೆ. ಅದರಲ್ಲಿ ನಾಲ್ಕು 5 ಹೋದ್ರೆ ಏನೂ ಆಗಲ್ಲ, ಇನ್ನೂ 28 ಒಳಗಿರ್ತವೆ. ಜೊತೆಗೆ ಕಟ್ ಕಾರ್ಡ್ ಅಂತ ಒಂದು ಬಣ್ಣದ ಪ್ಲಾಸ್ಟಿಕ್ ಎಲೆ, ಅದನ್ನ ಕಟ್ಟಿನ ಮಧ್ಯೆ ಎಲ್ಲೋ ಒಂದು ಕಡೆ ತೂರಿಸಿರ್ತೀವಿ, ಅದು ಬಂತು ಅಂದ್ರೆ ಆ ಸುತ್ತು ಮುಗಿಸಿ ಮತ್ತೆ ಕಲಸ್ಬೇಕು. ಎಣಿಸೋನಿಗೆ ಕಟ್ಟಿನ ಕೊನೇ ಭಾಗ ಬಂದಾಗ್ಲೇ ಲಾಭ, ಆ ಭಾಗನೇ ಆಟಕ್ಕೆ ಬರದ ಹಾಗೆ ಮಾಡೋದು. ಇನ್ನೂ ಮುಂದೆ ಹೋಗಿ ಕೆಲವು ಕಡೆ ಬಿಡದೆ ಕಲಸ್ತಾನೇ ಇರೋ ಮೆಷಿನ್ ಇಟ್ಟಿದಾರೆ, ಮುಗಿದ ಎಲೆ ತಕ್ಷಣ ವಾಪಸ್ ಒಳಗೆ. ಅಲ್ಲಿ ಮೇಡಂ ಹೇಳಿದ ಹೊರಗೆ ಬಿದ್ದ ಎಲೆ ವಾಪಸ್ ಬರಲ್ಲ ಅನ್ನೋ ಮಾತೇ ನಿಲ್ಲಲ್ಲ, ಎಣಿಸಿ ಪ್ರಯೋಜನ ಇಲ್ಲ.

ಆದ್ರೂ ನಿಜ ಹೇಳ್ಬೇಕು ಅಂದ್ರೆ ಕ್ಯಾಸಿನೋಗೆ ದುಡ್ಡು ಬರೋದು ಎಣಿಸೋರನ್ನ ತಡೆದು ಅಲ್ಲ. ಟೇಬಲ್‌ಗೆ ಬರೋರಲ್ಲಿ ಬೇಸಿಕ್ ಸ್ಟ್ರಾಟಜಿ ಗೊತ್ತಿರೋರೇ ಕಮ್ಮಿ. ಡೀಲರ್ ಎಕ್ಕ ಬಿಚ್ಚಿದ ತಕ್ಷಣ ಇನ್ಶೂರೆನ್ಸ್, ಅಂದ್ರೆ ಡೀಲರ್‌ಗೆ ಎರಡೆಲೆಗೇ ಇಪ್ಪತ್ತೊಂದು ಬಿದ್ದಿದೆ ಅಂತ ಬೇರೆ ಪಣ, ತಗೊಳ್ತಾರೆ, ಅದು ಗೆದ್ರೆ ಒಂದಕ್ಕೆ ಎರಡು ಕೊಡ್ತಾರೆ ನಿಜ, ಆದ್ರೆ ಲಾಭ ಆಗ್ಬೇಕಾದ್ರೆ ಉಳಿದ ಎಲೇಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹತ್ತುಗಳಿರ್ಬೇಕು, ಮಾಮೂಲಿಯಾಗಿ ಅಷ್ಟಿರಲ್ಲ. ಇನ್ನೊಂದು ನಂಗೆ ತುಂಬಾ ನೋವು ಕೊಟ್ಟ ವಿಷಯ, ಕೊನೇ ಸೀಟಲ್ಲಿ ಕೂತೋನು ಒಂದೆಲೆ ಜಾಸ್ತಿ ತಗೊಂಡು ಆಮೇಲೆ ಡೀಲರ್ ಗೆದ್ರೆ ಇಡೀ ಟೇಬಲ್ಲೇ ಅವನ ಮೇಲೆ ಮುಗಿಬೀಳುತ್ತೆ, ನಿನ್ನಿಂದ ಹಾಳಾಯ್ತು ಅಂತ. ಮುಂದಿನ ಎಲೆ ಏನು ಅಂತ ಯಾರಿಗೂ ಗೊತ್ತಿಲ್ಲ, ಅವನು ತಗೊಂಡಿದ್ದು ಎಷ್ಟು ಸಲ ಕೆಡಿಸುತ್ತೋ ಅಷ್ಟೇ ಸಲ ಉಳಿಸುತ್ತೆ. ಒಬ್ಬ ವಯಸ್ಸಾದ ಗಿರಾಕಿ ಇಂಥದ್ದೇ ಬೈಗುಳ ತಿಂದು ಕಣ್ಣಲ್ಲಿ ನೀರು ಹಾಕ್ಕೊಂಡು ಎದ್ದೋಗಿದ್ದು ನೋಡಿದೀನಿ, ಡೀಲರ್ ಬಾಯಿ ಬಿಡೋ ಹಾಗಿಲ್ಲ. ಟೇಬಲ್ ಬಿಡೋವಾಗ ಎರಡೂ ಅಂಗೈ ಕ್ಯಾಮೆರಾಗೆ ತಿರುಗಿಸಿ ತೋರಿಸಿ ಹೋಗೋದಷ್ಟೇ ನಮ್ಮ ಕೆಲಸ.

ಸೀಟಲ್ಲಿ ಕೂರೋ ಮೊದಲು ಬಟ್ಟೆ ಮೇಲೆ ಬರೆದಿರೋದನ್ನ ಓದಿ. ಬ್ಲಾಕ್‌ಜಾಕ್‌ಗೆ, ಅಂದ್ರೆ ಎರಡೆಲೆಗೆ ಇಪ್ಪತ್ತೊಂದಕ್ಕೆ, 3ಕ್ಕೆ 2 ಅಂತಿದ್ರೆ 100ಕ್ಕೆ 150. 6ಕ್ಕೆ 5 ಅಂತಿದ್ರೆ 120 ಅಷ್ಟೇ. ಅಮೆರಿಕದಲ್ಲಿ 2000ದ ಈಚೆಗೆ ಇದು ತುಂಬಾ ಹಬ್ಬಿದೆ. ಸುಮಾರು 21 ಕೈಗೆ ಒಂದ್ಸಲ ಬ್ಲಾಕ್‌ಜಾಕ್ ಬೀಳೋದು, ಪ್ರತಿ ಸಲ 30 ರೂಪಾಯಿ ಕಿತ್ಕೊಂಡ್ರೆ ಕ್ಯಾಸಿನೋದ ಮೇಲುಗೈ ಹತ್ತತ್ರ ಶೇಕಡಾ 1.4 ಏರುತ್ತೆ. ಒಳ್ಳೇ ರೂಲ್ಸ್ ಇರೋ ಟೇಬಲ್‌ನಲ್ಲಿ ಒಟ್ಟು ಮೇಲುಗೈ ಅರ್ಧ ಪರ್ಸೆಂಟ್ ಇರೋ ಆಟ ಇದು, ಯೋಚ್ನೆ ಮಾಡಿ. ಎಣಿಸೋರ ಮೇಲಿನ ಸಿಟ್ಟನ್ನ ಎಣಿಸದೇ ಇರೋ ಬಡಪಾಯಿ ಮೇಲೆ ತೀರಿಸ್ಕೊಂಡ ಹಾಗಿದೆ ಇದು ಅಂತ ನಂಗನ್ಸೋದು. ಪಕ್ಕದಲ್ಲಿ ಜೋಡಿ ಬೀಳುತ್ತಾ ಅದು ಇದು ಅಂತ ಸೈಡ್ ಬೆಟ್ ಇರುತ್ತಲ್ಲ, ಅದನ್ನಂತೂ ಮುಟ್ಟಲೇಬೇಡಿ.

ಕೋರ್ಟ್_ರಸ್ತೆ:

ಇದನ್ನ ಓದಿ ಹುರುಪಾಗಿ ಊರಲ್ಲಿ ಶುರು ಮಾಡೋರಿಗೆ ಎರಡು ಮಾತು. ಗೋವಾದಲ್ಲಿ ಹಡಗಿನ ಕ್ಯಾಸಿನೋಗೆ ಅವಕಾಶ ಇರೋದು ಅವರ 1976ರ ಜೂಜು ಕಾಯ್ದೆಗೆ ಆಮೇಲೆ 1990ರ ದಶಕದಲ್ಲಿ ತಿದ್ದುಪಡಿ ಮಾಡ್ಕೊಂಡಿದ್ದಕ್ಕೆ, ಸಿಕ್ಕಿಂಗೂ ಅದರದ್ದೇ ಕಾಯ್ದೆ ಇದೆ. ನಮ್ಮಲ್ಲಿ ಇರೋದು 1963ರ ಕರ್ನಾಟಕ ಪೊಲೀಸ್ ಕಾಯ್ದೆ, ಜೂಜಿನ ಮನೆ ನಡೆಸೋದೂ ತಪ್ಪು ಅಲ್ಲಿ ಕೂತು ಆಡೋದೂ ತಪ್ಪು. ಹಬ್ಬದ ದಿನ ಅಂತ ಕಾನೂನಿನಲ್ಲಿ ರಿಯಾಯಿತಿ ಇಲ್ಲ. ಮೊಬೈಲಲ್ಲಿ ದುಡ್ಡು ಕಟ್ಟಿ ಆಡೋ ಆಟಗಳನ್ನ 2025ರ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ, ಬುದ್ಧಿಯಾಟ ಅದೃಷ್ಟದಾಟ ಅಂತ ಅಲ್ಲಿ ಭೇದ ಇಲ್ಲ. ಹುಣಸೆಬೀಜಕ್ಕೆ ಯಾರ ತಕರಾರೂ ಇಲ್ಲ, ಆಡಿ.

ಪಾಂಡವಪುರ_ಪ್ಯಾಸೆಂಜರ್:

ಸರಿ ಸರ್. ಮೇಡಂ ನನ್ನ ಕ್ರೈಮ್ ಪ್ರಶ್ನೆ ಹಂಗೇ ಉಳೀತು, ಆ ಕಾಲೇಜ್ ಹುಡುಗ್ರುದೂ ಹೇಳಿ.

ಸರಸ್ವತಿಪುರಂ_ಸ್ಟ್ಯಾಟ್ಸ್:

ಮರೆತಿಲ್ಲ. ತಲೆಯಲ್ಲೇ ಎಣಿಸೋದು ಅಮೆರಿಕದಲ್ಲಿ ಅಪರಾಧ ಅಲ್ಲ. ಯಂತ್ರ ಬಳಸೋದು ಅಪರಾಧ, 1970ರ ದಶಕದಲ್ಲಿ ಕೀತ್ ಟ್ಯಾಫ್ಟ್ ಅನ್ನೋರು ಮೈಮೇಲೆ ಬಚ್ಚಿಟ್ಕೊಳ್ಳೋ ಕಂಪ್ಯೂಟರ್ ಮಾಡಿದ್ರು, 1985ರಲ್ಲಿ ನೆವಾಡ ಅಂಥದ್ದನ್ನೆಲ್ಲಾ ಬ್ಯಾನ್ ಮಾಡ್ತು. ಆದ್ರೆ ನೆವಾಡದಲ್ಲಿ ಕ್ಯಾಸಿನೋ ಖಾಸಗಿ ಜಾಗ, ಎಣಿಸ್ತಿದೀಯ ಅನ್ನಿಸಿದ್ರೆ ಎದ್ದೋಗು ಅನ್ನಬೋದು.

ಒಬ್ಬನೇ ಕೂತು ಪಣ ಏರಿಸಿ ಇಳಿಸಿದ್ರೆ ಸಿಕ್ಕಿಬೀಳ್ತಾನೆ, ಅದಕ್ಕೆ ಆಲ್ ಫ್ರಾನ್ಸೆಸ್ಕೊ 1970ರ ದಶಕದ ಶುರುವಲ್ಲಿ ಟೀಮ್ ಕಟ್ಟಿದ್ರು. ಹತ್ತಾರು ಟೇಬಲ್‌ನಲ್ಲಿ ಚಿಕ್ಕ ಪಣ ಇಟ್ಕೊಂಡು ಎಣಿಸೋರು ಕೂತಿರ್ತಾರೆ, ಕಟ್ಟು ವಾಲಿದಾಗ ಸನ್ನೆ ಮಾಡ್ತಾರೆ, ಆಗ ದುಡ್ಡಿನ ಕುಳದ ಥರ ಒಬ್ಬ ಬಂದು ದೊಡ್ಡ ಪಣ ಇಟ್ಟು ಎದ್ದೋಗ್ತಾನೆ. ಎಂಐಟಿ ಹುಡುಗ ಹುಡುಗೀರು ಮಾಡಿದ್ದೂ ಇದನ್ನೇ, 1979ರ ಹೊತ್ತಿಗೆ ಅಲ್ಲಿ ಶುರುವಾಗಿ 1990ರ ದಶಕದವರೆಗೂ ಬೇರೆ ಬೇರೆ ತಂಡಗಳು ನಡೆದ್ವು, ಹಾರ್ವರ್ಡಲ್ಲಿ ಎಂಬಿಎ ಮಾಡಿದ್ದ ಬಿಲ್ ಕಪ್ಲಾನ್ ಅದನ್ನ ಒಂದು ಕಂಪನಿ ಥರ ನಡೆಸಿದ್ರು, ಹೂಡಿಕೆದಾರರು, ಪರೀಕ್ಷೆ, ಲೆಕ್ಕಪತ್ರ ಎಲ್ಲಾ ಇಟ್ಕೊಂಡು.

ಕಾನೂನು ಹೋರಾಟ ಮಾಡಿದ್ದು ಫ್ರಾನ್ಸೆಸ್ಕೊ ತಂಡದ ಕೆನ್ ಅಸ್ಟನ್. ಸ್ಯಾನ್ ಫ್ರಾನ್ಸಿಸ್ಕೋದ ಪೆಸಿಫಿಕ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ದೊಡ್ಡ ಹುದ್ದೇಲಿದ್ದ ಮನುಷ್ಯ. ಅಟ್ಲಾಂಟಿಕ್ ಸಿಟಿಯಲ್ಲಿ 1978ರಲ್ಲಿ ಕ್ಯಾಸಿನೋ ಶುರುವಾಯ್ತು, ಅಲ್ಲಿ ಅವರನ್ನ ಹೊರಗೆ ಹಾಕಿದ್ದಕ್ಕೆ ಕೋರ್ಟಿಗೆ ಹೋದ್ರು. 1982ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಅಸ್ಟನ್ ಕಡೆ ತೀರ್ಪು ಕೊಡ್ತು, ಆಟದ ನಿಯಮ ಮಾಡೋ ಅಧಿಕಾರ ಸರ್ಕಾರದ ಕ್ಯಾಸಿನೋ ಕಮಿಷನ್‌ದು, ಚೆನ್ನಾಗಿ ಆಡ್ತಾನೆ ಅನ್ನೋ ಕಾರಣಕ್ಕೆ ಕ್ಯಾಸಿನೋ ತನ್ನಷ್ಟಕ್ಕೆ ತಾನೇ ಯಾರನ್ನೂ ಹೊರಗಿಡೋ ಹಾಗಿಲ್ಲ ಅಂತ. ಇವತ್ತಿಗೂ ಆ ರಾಜ್ಯದಲ್ಲಿ ಎಣಿಸೋರನ್ನ ಟೇಬಲ್‌ನಿಂದ ಓಡಿಸೋಕಾಗಲ್ಲ. ಓಡಿಸೋಕಾಗದೇ ಇದ್ದಿದ್ದಕ್ಕೆ ಅಲ್ಲಿನ ಕ್ಯಾಸಿನೋಗಳು ಎಂಟು ಪ್ಯಾಕಿನ ಶೂ, ಬೇಕೆಂದಾಗ ಮತ್ತೆ ಕಲಸೋ ಹಕ್ಕು, ಇವನ್ನ ಆಶ್ರಯಿಸಿದ್ವು, ನಮ್ಮ ಶ್ರೀರಂಗಪಟ್ಟಣದ ಡೀಲರ್ ಸಾಹೇಬ್ರು ಹೇಳಿದ್ರಲ್ಲ ಅದೇ ಉಪಾಯ.

ಮದ್ದೂರ್_ಹುಡ್ಗ:

ಅಂದ್ರೆ ಗೆದ್ದಿದ್ದು ಅಸ್ಟನ್ನು, ಅದ್ರ ಬಿಲ್ ಕಟ್ತಿರೋದು ಮಾಮೂಲಿ ಜನ. ಮೇಡಂ ಕೊನೇದೊಂದು, ಆ ಥಾರ್ಪ್ ಮೇಷ್ಟ್ರು ಆಮೇಲೆ ಏನ್ ಮಾಡಿದ್ರು, ಇನ್ನೂ ಆಡ್ತಾನೇ ಇದ್ರಾ?

ಸರಸ್ವತಿಪುರಂ_ಸ್ಟ್ಯಾಟ್ಸ್:

ಇಲ್ಲ, ಬಿಟ್ಟು ಷೇರು ಮಾರ್ಕೆಟ್ ಕಡೆ ಹೋದ್ರು. ಬ್ಲಾಕ್‌ಜಾಕ್‌ನಲ್ಲಿ ಅವರು ಪಣ ಎಷ್ಟಿಡಬೇಕು ಅಂತ ತೀರ್ಮಾನ ಮಾಡ್ತಿದ್ದಿದ್ದು ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರದ ಮೇಲೆ, ನಿಮ್ಮ ಅನುಕೂಲ ಎಷ್ಟಿದೆಯೋ ಅದಕ್ಕೆ ತಕ್ಕ ಪಾಲನ್ನ ಮಾತ್ರ ಕೈಲಿರೋ ದುಡ್ಡಿಂದ ಹಾಕಿ, ಜಾಸ್ತಿ ಹಾಕಿದ್ರೆ ಲೆಕ್ಕ ಸರಿಯಿದ್ರೂ ಮುಳುಗ್ತೀರ ಅನ್ನೋದು ಅದರ ಸಾರ. ಅದೇ ಸೂತ್ರ ತಗೊಂಡು 1969ರಲ್ಲಿ ಒಂದು ಹೆಡ್ಜ್ ಫಂಡ್ (ಶ್ರೀಮಂತರ ದುಡ್ಡು ಒಟ್ಟುಮಾಡಿ ಹೂಡೋ ಸಂಸ್ಥೆ) ಶುರು ಮಾಡಿದ್ರು, ಸುಮಾರು ಇಪ್ಪತ್ತು ವರ್ಷ ನಡೀತು, ಕ್ಯಾಸಿನೋಗಳಲ್ಲಿ ಕಂಡಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಅಲ್ಲಿ ಮಾಡಿದ್ರು. ಅದಕ್ಕೂ ಮೊದಲೇ ಶಾನನ್ ಜೊತೆ ಸೇರಿ ರೂಲೆಟ್ ಚೆಂಡು ಎಲ್ಲಿ ಬೀಳುತ್ತೆ ಅಂತ ಅಂದಾಜು ಮಾಡೋ, ಮೈಮೇಲೆ ತೊಟ್ಕೊಳ್ಳೋ ಪುಟ್ಟ ಕಂಪ್ಯೂಟರ್ ಕಟ್ಟಿ 1961ರಲ್ಲಿ ವೇಗಸ್‌ಗೆ ಒಯ್ದು ನೋಡಿದ್ರು, ಕಿವಿಗೆ ಹೋಗೋ ವೈರ್ ಪದೇ ಪದೇ ತುಂಡಾಗ್ತಿತ್ತು, ಅದಕ್ಕೆ ಮುಂದುವರಿಸಲಿಲ್ಲ. ಕೆಲ್ಲಿ ಸೂತ್ರದ ಬಗ್ಗೆ ಬೇಕಾದ್ರೆ ಬೇರೆ ಥ್ರೆಡ್ ತೆಗೀರಿ, ಉದಾಹರಣೆ ಸಮೇತ ಬರೀತೀನಿ.